ಹಲ್ಲು ಕೀಳುವ, ವಸಡು ಬಿಡಿಸುವ ಕೈ ಉಪಕರಣಗಳು: ಆರಿಸುವುದು, ತೊಳೆಯುವುದು, ಸಾಣೆ ಹಿಡಿಯುವುದು

ಹಲ್ಲಿನ ಬೇರಿಗೂ ಅದರ ಸುತ್ತಲಿನ ಮೂಳೆಗೂ ನಡುವೆ ಇರುವ ಸಂದಿ ಸುಮಾರು 0.2 ಮಿಲಿಮೀಟರ್. ಹಲ್ಲನ್ನು ಮೀಟಿ ಸಡಿಲಿಸುವ ಎಲಿವೇಟರ್ ಇಳಿಯಬೇಕಾದದ್ದು ಅಲ್ಲಿಗೆ. ತುದಿ ಮೊಂಡಾಗಿದ್ದರೆ ಅದು ಇಳಿಯುವುದಿಲ್ಲ, ಬೇರಿನ ಅಂಚಿನ ಮೇಲೆ ಕೂತು ಜಾರಲು ಕಾಯುತ್ತದೆ. ಇಳಿಯದ್ದನ್ನು ಇಳಿಸಲು ಕೈ ತಾನಾಗಿಯೇ ಬಲ ಹಾಕುತ್ತದೆ. ಆ ಬಲ ಎಲ್ಲಿಗಾದರೂ ಹೋಗಲೇಬೇಕು: ಪಕ್ಕದ ಹಲ್ಲಿಗೆ, ಅಂಗುಳಿಗೆ, ನಾಲಿಗೆಯ ಬುಡಕ್ಕೆ, ಇಲ್ಲವೇ ಬಾಯಿ ಹಿಡಿದು ನಿಂತ ಸಹಾಯಕರ ಬೆರಳಿಗೆ. ಹೊಲಿಗೆಯ ಸೂಜಿ ಹಿಡಿಯುವ ನೀಡಲ್ ಹೋಲ್ಡರ್, ಕತ್ತರಿ, ಹಲ್ಲು ಹಿಡಿಯುವ ಇಕ್ಕಳವಾದ ಫೋರ್ಸೆಪ್ಸ್, ಮೂಳೆ ಕಚ್ಚಿ ತೆಗೆಯುವ ರಾಂಜರ್ ಎಲ್ಲಕ್ಕೂ ಇದೇ ಮಾತು. ಉಪಕರಣ ತನ್ನ ಕೆಲಸ ಬಿಟ್ಟ ಕೂಡಲೇ ಆ ಕೊರತೆಯನ್ನು ಕೈಯ ಬಲ ತುಂಬುತ್ತದೆ, ಅನಾಹುತ ಆಗುವುದು ಆಗಲೇ. ಹಾಗಾಗಿ ಕೊಳ್ಳುವಾಗಲೂ ಕಾಪಾಡುವಾಗಲೂ ಕೇಳಿಕೊಳ್ಳಬೇಕಾದದ್ದು ಒಂದೇ: ಇದನ್ನು ಹಿಡಿದರೆ ಕೈಗೆ ಎಷ್ಟು ಕಡಿಮೆ ಬಲ ಸಾಕಾಗುತ್ತದೆ?

ಲೋಹದ ಮಾತು ಮೊದಲು

"ಸ್ಟೇನ್‌ಲೆಸ್ ಸ್ಟೀಲ್" ಎಂದು ಕೆತ್ತಿದ್ದರೆ ಸಾಲದು. ಸ್ಟೇನ್‌ಲೆಸ್‌ನಲ್ಲಿ ಇಲ್ಲಿ ನಮಗೆ ಬೇಕಾದವು ಎರಡು ಜಾತಿ. ಕತ್ತರಿಸುವ, ಕೆರೆಯುವ, ಮೀಟುವ, ಗಟ್ಟಿಯಾಗಿ ಹಿಡಿಯುವ ಉಪಕರಣಗಳಿಗೆ ಮಾರ್ಟೆನ್ಸಿಟಿಕ್ ಉಕ್ಕು ಬೇಕು. ಸಾಮಾನ್ಯವಾಗಿ ಅದು 420 ದರ್ಜೆಯದು, ಕ್ರೋಮಿಯಂ ಶೇ 12ರಿಂದ 14ರಷ್ಟು. ಇದನ್ನು ಕಾಯಿಸಿ ತಣಿಸಿ ಗಡಸು ಮಾಡಬಹುದು, ಆದ್ದರಿಂದ ಅಲಗು ನಿಲ್ಲುತ್ತದೆ. ಕೆನ್ನೆ, ನಾಲಿಗೆ ಸರಿಸಿ ಹಿಡಿಯುವ ರಿಟ್ರಾಕ್ಟರ್, ಟ್ರೇ, ಬಟ್ಟಲಿನಂಥವಕ್ಕೆ ಆಸ್ಟೆನಿಟಿಕ್ ಉಕ್ಕು ಸಾಕು, ಅಂದರೆ 304 ಅಥವಾ 316. ಅದು ತುಕ್ಕಿಗೆ ಹೆಚ್ಚು ಜಗ್ಗದು, ಆದರೆ ಕಾಯಿಸಿ ಗಡಸು ಮಾಡಲು ಬಾರದು. ಅಯಸ್ಕಾಂತ ಅಂಟಿದರೆ ಕಳಪೆ ಮಾಲು ಎಂದು ಹೇಳುವವರಿದ್ದಾರೆ. ಅದು ತಪ್ಪು. ಮಾರ್ಟೆನ್ಸಿಟಿಕ್ ಉಕ್ಕಿಗೆ ಅಯಸ್ಕಾಂತ ಅಂಟಲೇಬೇಕು. ಕತ್ತರಿಗೆ ಅಂಟದಿದ್ದರೆ ಅನುಮಾನ ಪಡಿ.

ತುಕ್ಕು ತಡೆಯುವುದು ಉಕ್ಕಿನ ಮೈಮೇಲೆ ಕೂತ ಕ್ರೋಮಿಯಂ ಆಕ್ಸೈಡ್‌ನ ಕಣ್ಣಿಗೆ ಕಾಣದ ಪದರ. ಆ ಪದರವನ್ನು ಕೊಲ್ಲುವ ದೊಡ್ಡ ಶತ್ರು ಕ್ಲೋರೈಡ್: ರಕ್ತದಲ್ಲಿರುವುದು, ಸಲೈನ್‌ನಲ್ಲಿರುವುದು, ಬ್ಲೀಚ್‌ನಲ್ಲಿರುವುದು. ಈ ಒಂದು ಸಂಗತಿ ನೆನಪಿದ್ದರೆ ಮುಂದೆ ಬರುವ ತೊಳೆಯುವ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಹೊಸ ಉಪಕರಣದಲ್ಲಿ ಈ ಪದರ ಇನ್ನೂ ತೆಳು. ಡಬ್ಬಿಯಿಂದ ತೆಗೆದ ಹೊಸದನ್ನು ತುದಿಯ ಪ್ಲಾಸ್ಟಿಕ್ ಟೋಪಿ ಕಳಚಿ, ಪೂರ್ತಿ ತೊಳೆದು ಒಣಗಿಸಿಯೇ ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ಗೆ ಹಾಕಬೇಕು. ಕಾರ್ಖಾನೆಯ ಎಣ್ಣೆ, ಪಾಲಿಶ್‌ನ ಪುಡಿ ಮೇಲಿದ್ದಂತೆಯೇ ಕಾಯಿಸಿದರೆ ಮೊದಲ ದಿನವೇ ಕಲೆ ಕೂರುತ್ತದೆ.

ಕ್ರೋಮ್ ಲೇಪಿಸಿದ ಕಬ್ಬಿಣದ ಉಪಕರಣಗಳು ಅಗ್ಗಕ್ಕೆ ಸಿಗುತ್ತವೆ, ಹೊಸದರಲ್ಲಿ ಕನ್ನಡಿಯಂತೆ ಹೊಳೆಯುತ್ತವೆ. ಲೇಪ ಮೊದಲು ಎದ್ದು ಬರುವುದು ಕೀಲಿನ ಒಳಗೆ ಮತ್ತು ಅಲಗಿನ ಅಂಚಿನಲ್ಲಿ. ಎದ್ದ ಚಕ್ಕೆ ಗಾಯದೊಳಗೆ ಬೀಳಬಹುದು, ಕೆಳಗಿನ ಕಬ್ಬಿಣದ ತುಕ್ಕು ಅದೇ ಟ್ರೇಯಲ್ಲಿರುವ ಒಳ್ಳೆಯ ಉಪಕರಣಗಳಿಗೂ ಹತ್ತುತ್ತದೆ. ಇವನ್ನು ಕೊಳ್ಳಲೇಬೇಡಿ.

ಹೊಳಪಿನ ವಿಷಯದಲ್ಲಿ ಒಂದು ಮಾತು. ಕನ್ನಡಿ ಹೊಳಪು ತುಕ್ಕಿಗೆ ಸ್ವಲ್ಪ ಹೆಚ್ಚು ತಡೆ ಕೊಡುತ್ತದೆ, ನಿಜ. ಆದರೆ ಆಪರೇಷನ್ ದೀಪದ ಕೆಳಗೆ ಕಣ್ಣು ಕೋರೈಸುತ್ತದೆ. ಮಂದ ಸ್ಯಾಟಿನ್ ಮೈ ಕೆಲಸಕ್ಕೆ ಹಿತ.

ಎಲಿವೇಟರ್ ಮತ್ತು ಲಕ್ಸೇಟರ್: ಹೋಲುತ್ತವೆ, ಒಂದೇ ಅಲ್ಲ

ನೋಡಲು ಅಣ್ಣತಮ್ಮಂದಿರಂತಿರುವ ಈ ಎರಡನ್ನು ಬೆರೆಸುವುದರಿಂದ ಹಾಳಾಗುವಷ್ಟು ಉಪಕರಣಗಳು ಬೇರೆ ಯಾವ ಕಾರಣಕ್ಕೂ ಹಾಳಾಗುವುದಿಲ್ಲ. ಲಕ್ಸೇಟರ್‌ನ ಅಲಗು ತೆಳು, ಚಾಕುವಿನಂತೆ ಹರಿತ. ಬೇರಿನ ಉದ್ದಕ್ಕೇ ಒತ್ತುತ್ತ, ಸಣ್ಣಗೆ ಅತ್ತಿತ್ತ ಆಡಿಸುತ್ತ ಹಲ್ಲನ್ನು ಹಿಡಿದಿರುವ ನಾರನ್ನು ಕತ್ತರಿಸುವುದು ಅದರ ಕೆಲಸ. ಅದರಿಂದ ಮೀಟಿದರೆ ತುದಿ ಬಾಗುತ್ತದೆ, ಇಲ್ಲವೇ ಮುರಿದು ಬೇರಿನ ಗುಳಿಯೊಳಗೆ ಉಳಿಯುತ್ತದೆ. ಎಲಿವೇಟರ್ ದಪ್ಪ, ಗಟ್ಟಿ. ಸನ್ನೆಗೋಲಾಗಿ, ಬೆಣೆಯಾಗಿ, ಅಚ್ಚಿನ ಮೇಲೆ ತಿರುಗುವ ಗಾಲಿಯಾಗಿ ಮೂರು ರೀತಿಯಲ್ಲೂ ಅದು ದುಡಿಯುತ್ತದೆ. ಮೊದಲು ಲಕ್ಸೇಟರ್ ದಾರಿ ಮಾಡಲಿ, ಆಮೇಲೆ ಎಲಿವೇಟರ್ ಎತ್ತಲಿ.

ಆರಂಭಕ್ಕೆ ಕೂಪ್‌ಲ್ಯಾಂಡ್ ನೇರ ಎಲಿವೇಟರ್ 1, 2, 3 ಸಂಖ್ಯೆಯವು (ಸಂಖ್ಯೆ ಏರಿದಂತೆ ಅಗಲ ಏರುತ್ತದೆ), ವಾರ್ವಿಕ್ ಜೇಮ್ಸ್ ಮೂರರ ಗುಂಪು (ನೇರ, ಎಡ, ಬಲ), ಕ್ರೈಯರ್ ಜೋಡಿ, 3 ಮತ್ತು 5 ಮಿಲಿಮೀಟರ್ ಅಗಲದ ಎರಡು ಲಕ್ಸೇಟರ್ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಕೆಳದವಡೆಯ ಹಲ್ಲಿನ ಒಂದು ಬೇರು ಬಂದು ಇನ್ನೊಂದು ಉಳಿದಾಗ, ಖಾಲಿ ಗುಳಿಯ ಕಡೆಯಿಂದ ನಡುಗೋಡೆಯನ್ನು ಮುರಿದು ಬೇರನ್ನು ಎತ್ತಲು ಕ್ರೈಯರ್‌ಗೆ ಸಾಟಿ ಇನ್ನೊಂದಿಲ್ಲ. ಟಿ ಆಕಾರದ ಅಡ್ಡಹಿಡಿಯ ಎಲಿವೇಟರ್‌ಗಳನ್ನು ಕೈ ಪಳಗುವವರೆಗೆ ಕೊಳ್ಳದಿರುವುದೇ ಮೇಲು. ಅಡ್ಡಹಿಡಿ ಕೈಯ ಬಲವನ್ನು ಎಷ್ಟು ಹೆಚ್ಚಿಸುತ್ತದೆಂದರೆ ದವಡೆ ಮೂಳೆಯೇ ಮುರಿಯಬಹುದು.

ಕೈಗೆತ್ತಿಕೊಂಡು ನೋಡುವುದು ಹೀಗೆ. ಹಿಡಿ ಅಂಗೈಯ ಗುಂಡಿಯಲ್ಲಿ ತುಂಬಿಕೊಂಡು ಕೂರಬೇಕು, ತೋರುಬೆರಳನ್ನು ಕಾಂಡದ ಉದ್ದಕ್ಕೆ ಚಾಚಿದರೆ ತುದಿಯ ಹತ್ತಿರಕ್ಕೆ ಮುಟ್ಟಬೇಕು. ಜಾರಿದಾಗ ತಡೆಯುವುದು ಆ ಬೆರಳೇ. ಹಿಡಿ ತೀರಾ ಉದ್ದವಾಗಿ ಬೆರಳು ತುದಿಗೆ ಎಟುಕದಿದ್ದರೆ ಆ ಎಲಿವೇಟರ್ ಎಷ್ಟು ಚೆನ್ನಾಗಿದ್ದರೂ ನಿಮ್ಮ ಕೈಯದ್ದಲ್ಲ. ಆಮೇಲೆ ಕಾಂಡ ಹಿಡಿಯೊಳಗೆ ಸೇರುವ ಜಾಗ ನೋಡಿ. ಟೊಳ್ಳು ಹಿಡಿಗಳು ಹಗುರ, ಆದರೆ ಆ ಬೆಸುಗೆಯಲ್ಲಿ ಕೂದಲೆಳೆಯ ಸಂದಿ ಇದ್ದರೂ ಒಳಗೆ ನೀರು ಸೇರುತ್ತದೆ. ಆಟೋಕ್ಲೇವ್‌ನಿಂದ ತೆಗೆದ ಮೇಲೆ ಆ ಸುತ್ತುಗೆರೆಯಲ್ಲಿ ಕಂದು ನೀರು ಜಿನುಗಿದ್ದರೆ ಹಿಡಿಯೊಳಗೆ ತುಕ್ಕು ಶುರುವಾಗಿದೆ. ಅದನ್ನು ಸರಿಮಾಡಲು ಬಾರದು.

ಫೋರ್ಸೆಪ್ಸ್

ಫೋರ್ಸೆಪ್ಸ್ ಹಿಡಿಯಬೇಕಾದದ್ದು ಬೇರನ್ನು, ವಸಡಿನ ಮೇಲೆ ಕಾಣುವ ಕಿರೀಟವನ್ನಲ್ಲ. ಆರಿಸುವಾಗಿನ ಎಲ್ಲ ವಿವರ ಇದರಿಂದಲೇ ಹುಟ್ಟುತ್ತದೆ. ಮೇಲ್ದವಡೆಯ ದವಡೆಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರು: ಕೆನ್ನೆಯ ಕಡೆ ಎರಡು, ಅಂಗುಳಿನ ಕಡೆ ಒಂದು. ಹಾಗಾಗಿ ಆ ಫೋರ್ಸೆಪ್ಸ್‌ನ ಒಂದು ಕೊಕ್ಕಿಗೆ ಮಾತ್ರ ಮೊನೆ ಇರುತ್ತದೆ, ಆ ಮೊನೆ ಕೆನ್ನೆಯ ಕಡೆಯ ಎರಡು ಬೇರುಗಳ ನಡುವೆ ಕೂರಬೇಕು. ಎಡಕ್ಕೊಂದು, ಬಲಕ್ಕೊಂದು ಬೇರೆ ಬೇರೆ ಬೇಕಾಗುವುದು ಇದಕ್ಕೇ. ಕೆಳದವಡೆಯ ದವಡೆಹಲ್ಲಿಗೆ ಹಿಂದೊಂದು ಮುಂದೊಂದು ಬೇರು, ಎರಡೂ ಮಗ್ಗುಲಲ್ಲಿ ಕವಲು. ಆದ್ದರಿಂದ ಎರಡು ಕೊಕ್ಕಿಗೂ ಮೊನೆ, ಎರಡೂ ಬದಿಗೆ ಒಂದೇ ಸಾಕು. ಮೇಲಿನ ಮುಂಬಲ್ಲಿಗೆ ನೇರವಾದದ್ದು, ಮೇಲಿನ ಕಿರುದವಡೆ ಹಲ್ಲಿಗೆ ಸ್ವಲ್ಪ ಬಾಗಿದ್ದು, ಕೆಳಗಿನ ಮುಂಬಲ್ಲಿಗೆ ಕಿರಿದಾದ ಮೊನೆಯಿಲ್ಲದ ಕೊಕ್ಕಿನದು, ಮೇಲಿನ ಬೇರುತುಂಡಿಗೆ ಎರಡು ಕಡೆ ಬಾಗಿದ ಕಿರಿದಾದ ಬಯೋನೆಟ್. ಹಸುಕೊಂಬಿನ ಆಕಾರದ ಕೊಕ್ಕಿನದು ಕೆಳದವಡೆಯ ಗಟ್ಟಿ ಹಲ್ಲಿಗೆ ಅನುಕೂಲ. ಕವಲಿನಲ್ಲಿ ಎರಡು ಕೊಂಬು ಸೇರುತ್ತಿದ್ದಂತೆ ಹಲ್ಲು ತಾನೇ ಮೇಲೇಳುತ್ತದೆ. ಬೇರುಗಳು ಒಂದಕ್ಕೊಂದು ಅಂಟಿದ ಹಲ್ಲಿಗೆ ಅದು ತಗುಲುವುದೇ ಇಲ್ಲ.

ಕೊಳ್ಳುವಾಗ ಪ್ಲಾಸ್ಟಿಕ್ ಮಾದರಿ ಹಲ್ಲೊಂದನ್ನು ಜೊತೆಗೆ ಇಟ್ಟುಕೊಳ್ಳಿ. ಬೇರಿನ ಕುತ್ತಿಗೆಗೆ ಕೊಕ್ಕು ಹಾಕಿ ಬೆಳಕಿಗೆ ಹಿಡಿದು ನೋಡಿ. ಕೊಕ್ಕಿನ ಒಳಗುಳಿ ಬೇರಿಗೆ ಅಂಟಿ ಕೂತಿದ್ದರೆ ಒಳ್ಳೆಯದು. ಕೊಕ್ಕಿನ ತುದಿ ಗಾಳಿಯಲ್ಲಿದ್ದು ಕಿರೀಟದ ಉಬ್ಬಿಗೆ ಮಾತ್ರ ತಾಗುತ್ತಿದ್ದರೆ ಆ ಫೋರ್ಸೆಪ್ಸ್ ಹಲ್ಲು ಕೀಳುವುದಿಲ್ಲ, ಕಿರೀಟ ಒಡೆಯುತ್ತದೆ. ಹಲ್ಲು ಹಿಡಿದ ಸ್ಥಿತಿಯಲ್ಲಿ ಎರಡು ಹಿಡಿಗಳ ನಡುವಿನ ಅಂತರ ನಿಮ್ಮ ಅಂಗೈಗೆ ಸಲೀಸಾಗಿ ಸಿಗಬೇಕು. ಹಿಡಿಗಳು ತೀರಾ ಅಗಲವಾಗಿ ತೆರೆದುಕೊಂಡರೆ ಹಿಡಿತ ಬೆರಳ ತುದಿಗೆ ಬರುತ್ತದೆ, ಮಣಿಕಟ್ಟು ಸೋಲುತ್ತದೆ. ಕೀಲು ಸಲೀಸಾಗಿ ತೆರೆಯಬೇಕು, ಆದರೆ ಕೊಕ್ಕುಗಳನ್ನು ಅಡ್ಡಡ್ಡ ಅಲುಗಿಸಿದರೆ ಅಲುಗಬಾರದು.

ಮೂಳೆ ಮತ್ತು ವಸಡಿನ ಉಪಕರಣಗಳು

3ನೇ ಸಂಖ್ಯೆಯ ಸ್ಕಾಲ್ಪೆಲ್ ಹಿಡಿ, 15ನೇ ಸಂಖ್ಯೆಯ ಬ್ಲೇಡ್. ವಸಡಿನ ಕೆಲಸ ಹೆಚ್ಚೂಕಡಿಮೆ ಇಷ್ಟರಲ್ಲೇ ಮುಗಿಯುತ್ತದೆ. ಕೊನೆಯ ಹಲ್ಲಿನ ಹಿಂಬದಿಗೆ ಕುಡುಗೋಲಿನಂತೆ ಬಾಗಿದ 12, ಕೀವು ಬಿಡಿಸಲು ಮೊನಚಾದ 11, ಹಲ್ಲಿನ ನಡುವಿನ ಇಕ್ಕಟ್ಟಿಗೆ 15ಸಿ. ಬ್ಲೇಡ್ ಮೂಳೆಗೆ ತಾಗಿದ ಕೂಡಲೇ ಅದರ ಹರಿತ ಹೋಗುತ್ತದೆ. ಅದೇ ರೋಗಿಯಲ್ಲಿ ಇನ್ನೊಂದು ಕಡೆ ಕೊಯ್ಯಬೇಕಿದ್ದರೆ ಹೊಸ ಬ್ಲೇಡ್ ಹಾಕಿ. ಹಾಕುವುದು ತೆಗೆಯುವುದು ಎರಡೂ ನೀಡಲ್ ಹೋಲ್ಡರ್‌ನಿಂದಲೇ ಆಗಬೇಕು, ಬೆರಳಿನಿಂದ ಬೇಡ.

ಮೂಳೆಯಿಂದ ವಸಡನ್ನು ಬಿಡಿಸುವ ಪೆರಿಯಾಸ್ಟಿಯಲ್ ಎಲಿವೇಟರ್‌ಗೆ ಮೋಲ್ಟ್ 9 ಅಥವಾ ಹಾವರ್ತ್ ಸಾಕು. ಇದರ ಅಂಚು ತೆಳುವಾಗಿ ನಯವಾಗಿರಬೇಕು, ಬ್ಲೇಡಿನಂತೆ ಕೊಯ್ಯಬಾರದು. ಅಂಚಿನಲ್ಲಿ ಒಂದು ಚೂರು ಎದ್ದಿದ್ದರೂ ಮೂಳೆಪೊರೆ ಹರಿಯುತ್ತದೆ, ಹರಿದ ಪೊರೆಯೆಂದರೆ ಆಮೇಲಿನ ಊತ, ನೋವು. ಹತ್ತಿಯ ಉಂಡೆಯನ್ನು ಅಂಚಿನ ಉದ್ದಕ್ಕೂ ಎಳೆಯಿರಿ. ಎಳೆ ಸಿಕ್ಕಿಕೊಂಡಲ್ಲಿ ಚೂರು ಎದ್ದಿದೆ.

ರಾಂಜರ್‌ನಲ್ಲಿ ಎರಡು ಕೀಲಿನದನ್ನೇ ಆರಿಸಿ, ಅದಕ್ಕೆ ಕೈಬಲ ಬಹಳ ಕಡಿಮೆ ಸಾಕು. ಎರಡು ಬಾಯಂಚುಗಳೂ ಉದ್ದಕ್ಕೂ ಸರಿಯಾಗಿ ಕೂಡಬೇಕು. ತೆಳು ರಟ್ಟನ್ನು ಕಚ್ಚಿಸಿ ನೋಡಿ: ಕತ್ತರಿಸಿದಂತೆ ತುಂಡು ಬಿದ್ದರೆ ಸರಿ, ಜಜ್ಜಿ ಹರಿದರೆ ಬೇಡ. ರಾಂಜರ್‌ನಿಂದ ಬೇರುತುಂಡು ಎಳೆಯುವ ಅಭ್ಯಾಸ ಹಲವರಿಗಿದೆ. ಬಾಯಂಚು ಮುಕ್ಕಾಗುವುದು ಅದರಿಂದಲೇ. ಮೂಳೆಯ ಅಂಚು ಉಜ್ಜಿ ನಯ ಮಾಡುವ ಬೋನ್ ಫೈಲ್ ಎಳೆಯುವಾಗ ಮಾತ್ರ ಕೆಲಸ ಮಾಡುತ್ತದೆ, ತಳ್ಳಿದರೆ ಮೂಳೆಪುಡಿ ಅದರ ಗೆರೆಗಳ ನಡುವೆ ತುಂಬಿಕೊಳ್ಳುತ್ತದೆ ಅಷ್ಟೇ.

ನೀಡಲ್ ಹೋಲ್ಡರ್ ಮತ್ತು ಕತ್ತರಿ

ದುಡ್ಡು ಕಡಿಮೆಯಿದ್ದರೆ ರಿಟ್ರಾಕ್ಟರ್, ಟ್ರೇಗಳಲ್ಲಿ ಉಳಿಸಿ, ನೀಡಲ್ ಹೋಲ್ಡರ್‌ನಲ್ಲಿ ಉಳಿಸಬೇಡಿ. ಟಂಗ್‌ಸ್ಟನ್ ಕಾರ್ಬೈಡ್ ಪಟ್ಟಿ ಕೂರಿಸಿದ ಬಾಯಿಯದು ಸಾದಾ ಉಕ್ಕಿನದಕ್ಕಿಂತ ಬಹಳ ಕಾಲ ಬಾಳುತ್ತದೆ, ಚಿನ್ನದ ಬಣ್ಣದ ಉಂಗುರಹಿಡಿ ಅದರ ಗುರುತು. 15 ಸೆಂಟಿಮೀಟರ್ ಉದ್ದದ ಮೇಯೊ ಹೇಗರ್ ರೋಗಿಯ ಬಾಯಿಯ ಹಿಂಭಾಗಕ್ಕೂ ಎಟುಕುತ್ತದೆ. ಕ್ಯಾಸ್ಟ್ರೋವಿಯೆಜೊ ನಾಜೂಕಿನದು, 5-0, 6-0 ದಾರದ (ಮೊದಲ ಅಂಕಿ ಏರಿದಂತೆ ದಾರ ತೆಳು) ಸಣ್ಣ ಸೂಜಿಗೆ ಮಾತ್ರ. ಅದರಲ್ಲಿ 3-0 ದಾರದ ದಪ್ಪ ಸೂಜಿ ಹಿಡಿದರೆ ಬಾಯಿ ಬಾಗಿ, ಮತ್ತೆ ಸಣ್ಣ ಸೂಜಿಯನ್ನು ಎಂದೂ ಹಿಡಿಯದು. ಯಾವ ನೀಡಲ್ ಹೋಲ್ಡರ್‌ನಿಂದಲೂ ತಂತಿ ತಿರುಚಬಾರದು, ಅದಕ್ಕೆ ಬೇರೆ ಇದೆ.

ದಾರ ಕತ್ತರಿಸುವ ಕತ್ತರಿ ಬೇರೆ, ವಸಡು ಕತ್ತರಿಸುವ ಕತ್ತರಿ ಬೇರೆ. ಎರಡಕ್ಕೂ ಒಂದೇ ಬಳಸಿದರೆ ಕೆಲವೇ ದಿನಗಳಲ್ಲಿ ಅದು ವಸಡನ್ನು ಕತ್ತರಿಸದೆ ಅಗಿಯಲು ತೊಡಗುತ್ತದೆ.

ಎಷ್ಟು ಸೆಟ್ ಬೇಕು

ಉಪಕರಣ ಹಾಳಾಗುವ ಒಂದು ದೊಡ್ಡ ಕಾರಣ ಅವಸರ, ಅವಸರಕ್ಕೆ ಕಾರಣ ಸೆಟ್ಟುಗಳ ಕೊರತೆ. ತೊಳೆಯಲು, ಒಣಗಿಸಲು, ಪರೀಕ್ಷಿಸಲು, ಪ್ಯಾಕ್ ಮಾಡಲು 40 ನಿಮಿಷ, ಆಟೋಕ್ಲೇವ್‌ನಲ್ಲಿ ಒಣಗುವುದೂ ಸೇರಿ ಒಂದು ಗಂಟೆ, ಆರಲು 20 ನಿಮಿಷ ಎಂದಿಟ್ಟುಕೊಳ್ಳಿ. ಒಂದು ಸೆಟ್ ಮರಳಿ ಬರಲು 2 ಗಂಟೆ. ಅರ್ಧ ಗಂಟೆಗೊಬ್ಬರು ರೋಗಿ ಎಂದಾದರೆ 4 ಸೆಟ್ ದಾರಿಯಲ್ಲಿರುತ್ತವೆ, 1 ಬಳಕೆಯಲ್ಲಿ, ಕೆಳಗೆ ಬಿದ್ದರೆ ಎಂದು 1 ಹೆಚ್ಚಿಗೆ. ಒಟ್ಟು 6. ಇದಕ್ಕಿಂತ ಕಡಿಮೆಯಿದ್ದರೆ ಯಾರೋ ಒಬ್ಬರು ಒಣಗಿಸುವ ಹಂತವನ್ನು ನುಂಗುತ್ತಾರೆ, ಒದ್ದೆ ಪ್ಯಾಕ್ ರೋಗಿಯ ಟ್ರೇಗೆ ಬರುತ್ತದೆ.

ಸಿಂಕ್‌ನ ಬಳಿಯ ಮೊದಲ ಅರ್ಧ ಗಂಟೆ

ಉಪಕರಣದ ಆಯಸ್ಸು ತೀರ್ಮಾನವಾಗುವುದು ಬಾಯಿಯೊಳಗಲ್ಲ, ಕೆಲಸ ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ. ರಕ್ತ ಒಣಗಿದರೆ ಕೀಲಿನೊಳಗೆ ಅಂಟಾಗಿ ಕೂರುತ್ತದೆ, ಅದರಲ್ಲಿನ ಕ್ಲೋರೈಡ್ ಉಕ್ಕನ್ನು ಚುಚ್ಚಿ ಸಣ್ಣ ಗುಳಿ ಕೊರೆಯುತ್ತದೆ. ಕೆಲಸ ನಡೆಯುತ್ತಿರುವಾಗಲೇ ಸ್ಟೆರೈಲ್ (ರೋಗಾಣುರಹಿತ) ನೀರಿನಲ್ಲಿ ನೆನೆದ ಗಾಜ್ ಬಟ್ಟೆಯಿಂದ ಒರೆಸುತ್ತಿರಿ, ರಾಂಜರ್ ಬಾಯಿಯಲ್ಲಿ ಸಿಕ್ಕಿದ ಮೂಳೆಚೂರನ್ನು ಪ್ರತಿ ಕಚ್ಚಿಗೂ ತೆಗೆಯಿರಿ. ಮುಗಿದ ಮೇಲೆ ಸಲೈನ್ ಬಟ್ಟಲಿನಲ್ಲಿ ನೆನೆಹಾಕುವುದು ನೋಡಲು ಅಚ್ಚುಕಟ್ಟು, ಉಪಕರಣಕ್ಕೆ ವಿಷ. ಬ್ಲೀಚ್ ಅದಕ್ಕಿಂತ ಕೆಟ್ಟದ್ದು.

ಮೊದಲು ಬ್ಲೇಡ್ ಮತ್ತು ಸೂಜಿ ಬೇರ್ಪಡಿಸಿ ಚೂಪು ವಸ್ತುಗಳ ಡಬ್ಬಕ್ಕೆ ಹಾಕಿ. ಉಳಿದವನ್ನು ಮುಚ್ಚಳವಿರುವ ಗಟ್ಟಿ ಡಬ್ಬದಲ್ಲಿಟ್ಟು ತೊಳೆಯುವ ಕೋಣೆಗೆ ಒಯ್ಯಿರಿ. ತಕ್ಷಣ ತೊಳೆಯಲಾಗದಿದ್ದರೆ ಮೇಲೆ ಎನ್‌ಜೈಮ್ ಫೋಮ್ ಅಥವಾ ಒದ್ದೆ ಬಟ್ಟೆ ಹಾಕಿ ಹಸಿಯಾಗಿಡಿ. ತೊಳೆಯುವವರಿಗೆ ದಪ್ಪ ಗ್ಲೌಸ್, ಕಣ್ಣಿಗೆ ಮರೆ, ನೀರು ಹಿಡಿಯದ ಏಪ್ರನ್ ಬೇಕೇ ಬೇಕು. ಪರೀಕ್ಷೆಗೆ ಬಳಸುವ ತೆಳು ಗ್ಲೌಸ್ ತೊಟ್ಟು ಎಲಿವೇಟರ್ ತೊಳೆಯುವವರು ಒಂದಲ್ಲ ಒಂದು ದಿನ ಚುಚ್ಚಿಸಿಕೊಳ್ಳುತ್ತಾರೆ.

ಮೊದಲ ನೀರು ತಣ್ಣಗಿರಲಿ. 45 ಡಿಗ್ರಿ ಸೆಲ್ಸಿಯಸ್ ಮೀರಿದರೆ ರಕ್ತದ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗಿ ಉಕ್ಕಿಗೆ ಹಿಡಿಯುತ್ತದೆ. ಕೀಲಿರುವ ಎಲ್ಲವನ್ನೂ ತೆರೆದು, ಪಿಎಚ್ 7ರಿಂದ 8ರ ನಡುವಿನ ಎನ್‌ಜೈಮ್ ದ್ರಾವಣದಲ್ಲಿ ಬಾಟಲಿ ಹೇಳಿದಷ್ಟೇ ಅಳತೆಗೆ, ಹೇಳಿದಷ್ಟೇ ಹೊತ್ತು ನೆನೆಸಿ. ಕೈಯಂದಾಜಿಗೆ ಸುರಿಯಬೇಡಿ. ಹೆಚ್ಚಾದರೆ ಉಳಿಕೆ ಹೋಗದೆ ಕಲೆಯಾಗುತ್ತದೆ.

ಆಮೇಲೆ ಅಲ್ಟ್ರಾಸಾನಿಕ್, ಅಂದರೆ ಶಬ್ದದ ಕಂಪನದಿಂದ ಗುಳ್ಳೆ ಎಬ್ಬಿಸಿ ಕೊಳೆ ಬಿಡಿಸುವ ತೊಟ್ಟಿ. ತೊಟ್ಟಿಗೆ ಹೊಸ ದ್ರಾವಣ ತುಂಬಿದ ಮೇಲೆ ಉಪಕರಣ ಹಾಕದೆ 5ರಿಂದ 10 ನಿಮಿಷ ಓಡಿಸಿ. ನೀರಿನಲ್ಲಿ ಕರಗಿದ ಗಾಳಿ ಹೊರಹೋಗದಿದ್ದರೆ ಗುಳ್ಳೆಗಳು ಕೆರೆಯುವುದಿಲ್ಲ. ಬುಟ್ಟಿಯಲ್ಲಿ ಒಂದರ ಮೇಲೊಂದು ಬೀಳದಂತೆ ಜೋಡಿಸಿ, ಕೀಲುಗಳು ತೆರೆದಿರಲಿ, ಎಲ್ಲವೂ ದ್ರಾವಣದಲ್ಲಿ ಮುಳುಗಿರಲಿ, ಬೇರೆ ಲೋಹಗಳನ್ನು ಬೆರೆಸಬೇಡಿ, ಮುಚ್ಚಳ ಮುಚ್ಚಿ. ಬಿಡಿ ಉಪಕರಣಕ್ಕೆ 5 ನಿಮಿಷದ ಆಸುಪಾಸು ಸಾಕು. ಯಂತ್ರ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಒಂದು ತುಂಡನ್ನು ನೀರಿನಲ್ಲಿ ನೇತುಹಾಕಿ ಒಂದು ನಿಮಿಷದೊಳಗೆ ತೆಗೆದು ನೋಡಿ. ಹಾಳೆಯ ತುಂಬ ಒಂದೇ ಸಮನೆ ಸಣ್ಣ ಚುಕ್ಕಿ, ರಂಧ್ರ ಬಿದ್ದಿದ್ದರೆ ಸರಿ. ಬೆರಳಗಲದ ಜಾಗ ಚುಕ್ಕಿಯಿಲ್ಲದೆ ಉಳಿದಿದ್ದರೆ ಅಲ್ಲಿಟ್ಟ ಉಪಕರಣ ತೊಳೆದಿಲ್ಲ ಎಂದೇ ಅರ್ಥ. ಕೊಳಕಾದ ದ್ರಾವಣವನ್ನು ಕೂಡಲೇ, ಕೊಳಕಾಗದಿದ್ದರೂ ದಿನಕ್ಕೊಮ್ಮೆ ಬದಲಿಸಿ.

ಯಂತ್ರವಿದ್ದರೂ ಬ್ರಷ್ ತಪ್ಪದು. ನೈಲಾನ್ ಬ್ರಷ್ ಸಾಕು, ತಂತಿಬ್ರಷ್ ಆ ಕಾಣದ ಪದರವನ್ನೇ ಗೀರುತ್ತದೆ. ನೀರಿನ ಕೆಳಗೆ ಮುಳುಗಿಸಿಟ್ಟು ಉಜ್ಜಿದರೆ ಹನಿ ಹಾರುವುದಿಲ್ಲ. ನೀಡಲ್ ಹೋಲ್ಡರ್‌ನ ಬಾಯಿಗೆರೆಗಳು, ಬಾಕ್ಸ್ ಕೀಲಿನ (ಒಂದು ತೋಳು ಇನ್ನೊಂದರ ಸೀಳಿನೊಳಗೆ ಹಾಯುವ ಕೀಲು) ಒಳಮೈ, ರಾಚೆಟ್ (ಹಿಡಿಗಳನ್ನು ಬಿಗಿದು ನಿಲ್ಲಿಸುವ ಕೊಂಡಿ) ಹಲ್ಲುಗಳು, ಬೋನ್ ಫೈಲ್‌ನ ಗೆರೆಗಳು: ಕೊಳೆ ಅಡಗುವುದು ಈ ನಾಲ್ಕು ಕಡೆ. ಬೋನ್ ಫೈಲನ್ನು ಅದರ ಗೆರೆಯ ಜೊತೆಗೇ ಉಜ್ಜಬೇಕು, ಅಡ್ಡ ಉಜ್ಜಿದರೆ ಬ್ರಷ್ಷಿನ ಕೂದಲು ತಳಕ್ಕೆ ಇಳಿಯದು.

ಕೊನೆಯ ತೊಳೆತ ಡಿಸ್ಟಿಲ್ಡ್ ಅಥವಾ ಖನಿಜ ತೆಗೆದ ನೀರಿನಲ್ಲಿ. ನಂತರ ಎಳೆ ಬಿಡದ ಬಟ್ಟೆಯಿಂದ ಒರೆಸಿ, ಕೀಲುಗಳಿಗೆ ಗಾಳಿ ಊದಿ. ಒದ್ದೆ ಉಪಕರಣವನ್ನು ಆಟೋಕ್ಲೇವ್‌ಗೆ ಹಾಕುವ ಕಾಗದದ ಪೌಚ್‌ಗೆ ತುಂಬಬಾರದು.

ಬೆಳಕಿನ ಕೆಳಗೆ ಪರೀಕ್ಷೆ

10 ಪಟ್ಟು ಹಿಗ್ಗಿಸುವ ಲೆನ್ಸ್ ಮತ್ತು ಒಳ್ಳೆಯ ದೀಪ ಇಟ್ಟುಕೊಳ್ಳಿ. ಬಾಕ್ಸ್ ಕೀಲಿನ ಮೂಲೆಗಳಲ್ಲಿ ಕೂದಲೆಳೆಯಂಥ ಬಿರುಕು ಹುಡುಕಿ. ಉಪಕರಣ ಮುರಿಯುವ ಮೊದಲು ಅಲ್ಲೇ ಸುಳಿವು ಕೊಡುತ್ತದೆ.

ರಾಚೆಟ್‌ಗೆ: ಮೊದಲ ಹಲ್ಲಿಗೆ ಬಿಗಿದು, ಕೀಲಿನ ಬಳಿ ಹಿಡಿದು, ರಾಚೆಟ್‌ನ ಭಾಗವನ್ನು ಮೇಜಿಗೆ ಮೆಲ್ಲಗೆ ಬಡಿಯಿರಿ. ತಾನಾಗಿ ಬಿಟ್ಟುಕೊಂಡರೆ ಹಲ್ಲು ಸವೆದಿದೆ. ಬಾಯಿಗೆ: ಮೊದಲ ಹಲ್ಲಿಗೆ ಮುಚ್ಚಿ ಬೆಳಕಿಗೆ ಹಿಡಿದರೆ ತುದಿಗಳು ಮೊದಲು ಕೂಡಿರಬೇಕು. ಹಿಂಭಾಗ ಕೂಡಿ ತುದಿಯಲ್ಲಿ ಬೆಳಕು ಕಂಡರೆ ಬಾಯಿ ಬಾಗಿದೆ. ನೀಡಲ್ ಹೋಲ್ಡರ್‌ನಲ್ಲಿ ನೀವು ದಿನವೂ ಬಳಸುವ ಸೂಜಿಯನ್ನೇ ಹಿಡಿದು ಎರಡನೇ ಹಲ್ಲಿಗೆ ಬಿಗಿದು, ಇನ್ನೊಂದು ಇಕ್ಕಳದಿಂದ ಸೂಜಿ ತಿರುಗಿಸಲು ನೋಡಿ. ಸಲೀಸಾಗಿ ತಿರುಗಿದರೆ ಕಾರ್ಬೈಡ್ ಪಟ್ಟಿ ಬದಲಿಸುವ ಕಾಲ ಬಂದಿದೆ. ಕತ್ತರಿಗೆ: ನಾಲ್ಕು ಪದರ ಗಾಜ್ ಹಿಡಿದು ತುದಿಯವರೆಗೂ ಕತ್ತರಿಸಿ. ಕೊನೆಯ ಅರ್ಧ ಸೆಂಟಿಮೀಟರಿನಲ್ಲಿ ಗಾಜ್ ಮಡಚಿ ಒಳಗೆ ಸೇರಿಕೊಂಡರೆ ತುದಿ ಮೊಂಡು. ವಸಡಿನ ನಯ ಕತ್ತರಿಯನ್ನು ಗ್ಲೌಸಿನ ರಬ್ಬರ್ ಮೇಲೆ ಪರೀಕ್ಷಿಸಿ.

ಸಾಣೆ

ಶುದ್ಧವಾದ, ಆಟೋಕ್ಲೇವ್ ಆದ ಉಪಕರಣಕ್ಕೆ ಮಾತ್ರ ಸಾಣೆ ಹಿಡಿಯಬೇಕು. ಸಾಣೆಯ ನಂತರ ಮತ್ತೆ ತೊಳೆದು ಮತ್ತೆ ಆಟೋಕ್ಲೇವ್ ಮಾಡಬೇಕು. ಕಲ್ಲುಗಳಲ್ಲಿ ಅರ್ಕಾನ್ಸಾ ನಯ, ಅದಕ್ಕೆ ಎಣ್ಣೆ. ಇಂಡಿಯಾ ಕಲ್ಲು ತುಸು ಒರಟು, ಬಹಳ ಸವೆದ ಅಲಗಿಗೆ. ಸೆರಾಮಿಕ್ ಕಲ್ಲಿಗೆ ನೀರು ಸಾಕು.

ಲಕ್ಸೇಟರ್, ಕೂಪ್‌ಲ್ಯಾಂಡ್‌ಗಳ ತುದಿ ಅರ್ಧ ಕೊಳವೆಯಂತೆ ಒಂದು ಕಡೆ ಗುಳಿ, ಇನ್ನೊಂದು ಕಡೆ ಉಬ್ಬು. ಮೊದಲು ಮಾಡಬೇಕಾದದ್ದು ಕಾರ್ಖಾನೆಯ ಇಳಿಜಾರು ಯಾವ ಮೈಯಲ್ಲಿದೆ ಎಂದು ಗುರುತಿಸುವುದು. ಆ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಿರಿ. ಕಲ್ಲಿನ ಮೇಲೆ ಇಳಿಜಾರನ್ನು ಒರಗಿಸಿ ಒಂದೇ ಒಂದು ಬಾರಿ ಎಳೆಯಿರಿ, ಎತ್ತಿ ನೋಡಿ. ಮಸಿ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಹಿಡಿಯನ್ನು ಜಾಸ್ತಿ ಎತ್ತಿದ್ದೀರಿ, ಹಿಂಬದಿಯಲ್ಲಿ ಮಾತ್ರ ಹೋಗಿದ್ದರೆ ಜಾಸ್ತಿ ಇಳಿಸಿದ್ದೀರಿ. ಇಳಿಜಾರಿನ ಪೂರ್ತಿ ಅಗಲಕ್ಕೆ ಮಸಿ ಹೋದಾಗ ಕೋನ ಸಿಕ್ಕಿತು. ಆ ಕೋನದಲ್ಲಿ ಮಣಿಕಟ್ಟು ಬಿಗಿಹಿಡಿದು, ತುದಿಯ ಬಾಗನ್ನು ಅನುಸರಿಸಿ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಉರುಳಿಸುತ್ತ ಐದಾರು ಸಲ ಎಳೆಯಿರಿ. ನಡುವೆಯೇ ಹೆಚ್ಚು ಎಳೆದರೆ ದುಂಡು ತುದಿ ಚಪ್ಪಟೆಯಾಗಿ ಎರಡು ಕಿವಿ ಮೂಡುತ್ತವೆ, ಆ ಕಿವಿಗಳು ಬೇರಿನ ಪಕ್ಕ ಇಳಿಯುವುದಿಲ್ಲ. ಕೊನೆಗೆ ಎದುರು ಮೈಯಲ್ಲಿ ಎದ್ದ ಲೋಹದ ತಂತುವನ್ನು ಮೆಲ್ಲಗೆ ಒಂದೆರಡು ಸಲ ತೆಗೆಯಿರಿ: ಗುಳಿಮೈಗಾದರೆ ದುಂಡು ಕಡ್ಡಿಯಂಥ ಕಲ್ಲು, ಉಬ್ಬುಮೈಗಾದರೆ ಚಪ್ಪಟೆ ಕಲ್ಲು.

ವಸಡಿನ ಕೆಳಗೆ ಬೇರು ಕೆರೆಯುವ ಕ್ಯುರೆಟ್‌ಗಳಲ್ಲಿ ಅಲಗಿನ ಮುಖಕ್ಕೂ ಮಗ್ಗುಲಿಗೂ ನಡುವಿನ ಕೋನ 70ರಿಂದ 80 ಡಿಗ್ರಿ ಉಳಿಯಬೇಕು. ಅದಕ್ಕೆ ಮುಖ ಮತ್ತು ಕಲ್ಲಿನ ನಡುವೆ 100ರಿಂದ 110 ಡಿಗ್ರಿ ಇರಲಿ. ಮುಖವನ್ನು ನೆಲಕ್ಕೆ ಸಮಾನಾಂತರ ಹಿಡಿದು, ಕಲ್ಲನ್ನು ಗಡಿಯಾರದ 12ರಲ್ಲಿ ನೆಟ್ಟಗೆ ನಿಲ್ಲಿಸಿ, ಬಲಬದಿಯ ಅಲಗಿಗೆ 12 ಮತ್ತು 1ರ ನಡುವಿಗೆ ಓಲಿಸಿದರೆ ಹೆಚ್ಚೂಕಡಿಮೆ ಅದೇ ಕೋನ. ಸಣ್ಣ ಎಳೆತ, ಕೊನೆಯದು ಕೆಳಮುಖವಾಗಿ.

ಹರಿತವಾಯಿತೇ ಎಂದು ಬೆರಳಲ್ಲಿ ಮುಟ್ಟಿ ನೋಡಬೇಡಿ. ಅಂಚನ್ನು ದೀಪಕ್ಕೆ ಹಿಡಿದು ತಿರುಗಿಸಿ. ಮೊಂಡು ಅಂಚಿಗೆ ಅಗಲ ಇರುತ್ತದೆ, ಅದು ಬಿಳಿ ಗೆರೆಯಾಗಿ ಮಿಂಚುತ್ತದೆ. ಹರಿತ ಅಂಚು ಮಿಂಚುವುದಿಲ್ಲ. ಆಕ್ರಿಲಿಕ್ ಕಡ್ಡಿಗೆ ತಾಗಿಸಿದರೆ ಹರಿತವಾದದ್ದು ಕಚ್ಚಿಕೊಳ್ಳುತ್ತದೆ, ಮೊಂಡಾದದ್ದು ಜಾರುತ್ತದೆ. ಕತ್ತರಿ, ರಾಂಜರ್‌ಗಳ ಸಾಣೆಯನ್ನು ನೀವೇ ಮಾಡಲು ಹೋಗಬೇಡಿ, ಅದು ಪಳಗಿದವರ ಕೆಲಸ.

ಎಣ್ಣೆ, ಪೌಚ್, ಹಬೆ

ತೊಳೆದು ಒಣಗಿದ ಮೇಲೆ, ಪ್ಯಾಕ್ ಮಾಡುವ ಮೊದಲು, ಕೀಲುಗಳಿಗೆ ಹಬೆ ತೂರಿಹೋಗಬಲ್ಲ ವೈದ್ಯಕೀಯ ಉಪಕರಣದ ಎಣ್ಣೆ ಒಂದು ಹನಿ. ತೆರೆದು ಮುಚ್ಚಿ ಆಡಿಸಿ, ಹೆಚ್ಚಾದದ್ದನ್ನು ಒರೆಸಿ. ಹೊಲಿಗೆ ಯಂತ್ರದ ಎಣ್ಣೆ, ಸಿಲಿಕೋನ್ ಸ್ಪ್ರೇ ಬೇಡ. ಅವುಗಳ ಪೊರೆಯ ಕೆಳಗೆ ಹಬೆ ತಲುಪುವುದಿಲ್ಲ, ಕೀಲು ಕ್ರಮೇಣ ಗಟ್ಟಿಯಾಗುತ್ತದೆ. ಬಿಗಿ ಕೀಲನ್ನು ಬಲವಂತವಾಗಿ ಆಡಿಸಿದರೆ ಲೋಹ ಲೋಹವನ್ನು ತಿಂದು ಶಾಶ್ವತವಾಗಿ ಕಚ್ಚಿಕೊಳ್ಳುತ್ತದೆ.

ರಾಚೆಟ್ ಇರುವವನ್ನು ಬಿಚ್ಚಿಯೇ ಇಡಿ, ತಪ್ಪಿದರೆ ಮೊದಲ ಹಲ್ಲಿಗೆ ಮಾತ್ರ. ಪೂರ್ತಿ ಬಿಗಿದು ಕಾಯಿಸಿದರೆ ಹಿಗ್ಗಿದ ಲೋಹ ಬಾಕ್ಸ್ ಕೀಲನ್ನು ಸೀಳುತ್ತದೆ, ಮುಚ್ಚಿದ ಮೈಗೆ ಹಬೆಯೂ ತಾಗದು. ಪೌಚ್‌ನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಚೂಪು ತುದಿಗಳಿಗೆ ಹಬೆ ಹಾಯುವ ಟೋಪಿ ಹಾಕಿ. ಪೌಚ್‌ಗಳನ್ನು ಒಂದರ ಮೇಲೊಂದು ಪೇರಿಸದೆ ಅಂಚಿನ ಮೇಲೆ ನಿಲ್ಲಿಸಿ. ದಿನಾಂಕ, ಸೈಕಲ್ ಸಂಖ್ಯೆ ಬರೆಯಿರಿ.

121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ, 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಎಂಬುದು ಆ ಶಾಖ ಮುಟ್ಟಿದ ಮೇಲಿನ ಲೆಕ್ಕ, ಗುಂಡಿ ಒತ್ತಿದಾಗಿನಿಂದ ಅಲ್ಲ. ವ್ಯಾಕ್ಯೂಮ್ ಇಲ್ಲದ ಆಟೋಕ್ಲೇವ್‌ನಲ್ಲಿ ಪ್ಯಾಕ್ ಮಾಡಿದವಕ್ಕೆ 121ರಲ್ಲಿ 30 ನಿಮಿಷ ಕೊಡಿ, ಯಂತ್ರದ ಕೈಪಿಡಿ ಇನ್ನೂ ಹೆಚ್ಚು ಕೇಳಿದರೆ ಅಷ್ಟೂ ಕೊಡಿ. ಪ್ರತಿ ಪೌಚ್‌ನೊಳಗೆ ರಾಸಾಯನಿಕ ಸೂಚಕ (ಹಬೆ ತಾಗಿದರೆ ಬಣ್ಣ ಬದಲಿಸುವ ಪಟ್ಟಿ) ಇರಲಿ, ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆ (ಗಟ್ಟಿ ಜೀವಾಣುಬೀಜಗಳು ಸತ್ತವೇ ಎಂದು ನೋಡುವುದು) ನಡೆಯಲಿ. ಒಣಗುವ ಮೊದಲೇ ಬಾಗಿಲು ತೆರೆದು ತೆಗೆದ ಒದ್ದೆ ಕಾಗದದ ಮೂಲಕ ಕೈಯ ರೋಗಾಣು ಒಳಗೆ ಹೋಗುತ್ತದೆ. ಒದ್ದೆ ಪೌಚ್ ಎಂದರೆ ಸ್ಟೆರೈಲ್ ಅಲ್ಲದ ಪೌಚ್, ಮತ್ತೆ ಮೊದಲಿನಿಂದ.

ಕಲೆಯೋ, ತುಕ್ಕೋ

ಕಂದು ಗುರುತು ಕಂಡರೆ ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಉಜ್ಜಿ. ಗುರುತು ಹೋಗಿ ಕೆಳಗೆ ನಯವಾದ ಉಕ್ಕು ಕಂಡರೆ ಅದು ಕಲೆ. ಕೆಳಗೆ ಚುಕ್ಕಿಯಂಥ ಗುಳಿ ಕಂಡರೆ ತುಕ್ಕು. ಕಲೆಯಾದರೆ ಕಾರಣ ಹುಡುಕಿ: ಬಿಳಿಯ ಮಂಜು ಚುಕ್ಕಿ ನೀರಿನ ಖನಿಜ, ಕಾಮನಬಿಲ್ಲಿನ ಬಣ್ಣ ನೀರಿನ ಸಿಲಿಕೇಟ್ ಅಥವಾ ಅತಿ ಶಾಖ, ಕಿತ್ತಳೆ ಕಂದು ಹೆಚ್ಚಾಗಿ ಹೋಗದೆ ಉಳಿದ ಡಿಟರ್ಜೆಂಟ್ ಅಥವಾ ಹಬೆಯೊಡನೆ ಬಂದ ಕಬ್ಬಿಣ. ಎಲ್ಲ ಉಪಕರಣಗಳ ಮೇಲೂ ಒಮ್ಮೆಗೇ ಕಲೆ ಕಂಡರೆ ತಪ್ಪು ಉಪಕರಣದ್ದಲ್ಲ, ನೀರಿನದ್ದು. ಒಂದರ ಮೇಲೆ ಮಾತ್ರ ಕಂಡರೆ ಅದನ್ನು ಆ ಕ್ಷಣವೇ ಬೇರೆ ಇಡಿ.

ಗುರುತಿಗೆ ಅಂಟಿಸುವ ಬಣ್ಣದ ಟೇಪಿನ ಅಂಚು ಎದ್ದು ಕೆಳಗೆ ಕೊಳೆ ಸೇರುತ್ತದೆ. ಲೇಸರ್ ಗುರುತು ಮೇಲು. ಕಂಪಿಸುವ ಸೂಜಿಯಿಂದ ಕೀಲಿನ ಮೇಲೆ ಹೆಸರು ಕೆತ್ತಿಸಿದರೆ ಬಿರುಕಿಗೆ ನೀವೇ ಗೆರೆ ಎಳೆದುಕೊಟ್ಟಂತೆ.

ಗುಳಿ ಬಿದ್ದದ್ದು, ಕೀಲು ಬಿರಿದದ್ದು, ತುದಿ ಮುಕ್ಕಾದದ್ದು, ಸಾಣೆ ಹಿಡಿದು ಹಿಡಿದು ಅಲಗು ಮೊದಲಿನ ಅರ್ಧಕ್ಕೆ ಇಳಿದದ್ದು ಇವನ್ನು "ಇರಲಿ, ಹೆಚ್ಚಿಗೆ" ಎಂದು ಡ್ರಾಯರ್‌ನಲ್ಲಿ ಇಡಬೇಡಿ. ಕೆಲಸ ಜೋರಾದ ದಿನ ಅದೇ ಟ್ರೇಗೆ ಬರುತ್ತದೆ. ಸವೆದ ಅಲಗು ತೆಳುವಾಗಿರುತ್ತದೆ, ಬಾಯಿಯೊಳಗೆ ಮುರಿಯುವುದು ಅದೇ. ಹಿಡಿಗೆ ಕೆಂಪು ದಾರ ಕಟ್ಟಿ, ದಾಸ್ತಾನು ಪುಸ್ತಕದಲ್ಲಿ ತೆಗೆದುಹಾಕಿದ ದಿನಾಂಕ ಬರೆದು, ಆ ದಿನವೇ ಹೊರಗೆ ಕಳಿಸಿ.